ಹುಳುಮನೆಯ ಹೊಸ್ತಿಲು

ಕೈವಾರದ ಬೆಟ್ಟದ ನೆರಳಿನಿಂದ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯವರೆಗೆ ಹಬ್ಬಿರುವ ಕೆಮ್ಮಣ್ಣಿನ ಸೀಮೆಯಲ್ಲಿ, ಕೆರೆ ಬತ್ತಿದರೂ ಬಾವಿ ಬತ್ತಿದರೂ ಹಿಪ್ಪುನೇರಳೆಯ ಹಸುರನ್ನು ಹೇಗೋ ಉಳಿಸಿಕೊಂಡು ಬಂದಿರುವ ಒಕ್ಕಲುಮನೆಗಳಲ್ಲಿ ಹುಟ್ಟಿದ ಮಗುವಿಗೆ ಮೊದಲು ತಿಳಿಯುವ ನಿಷೇಧವೆಂದರೆ, ಹುಳುಮನೆಯ ಹೊಸ್ತಿಲನ್ನು ಹೇಳದೆ ಕೇಳದೆ ದಾಟಬಾರದೆಂಬುದು. ದೇವರ ಕೋಣೆಗೆ ಕೆಸರುಗಾಲಿನಲ್ಲಿ ನುಗ್ಗಿದರೂ ಮೆಲ್ಲಗೆ ಗದರಿ ಸುಮ್ಮನಾಗುತ್ತಿದ್ದ ನನ್ನ ಅಜ್ಜಿ ಆ ಬಾಗಿಲಿನಲ್ಲಿ ಮಾತ್ರ ಬೇರೊಬ್ಬಳಾಗಿ ನಿಲ್ಲುತ್ತಿದ್ದಳು. ಕಾಲು ತೊಳೆ, ಕೈ ತೊಳೆ, ಸುಣ್ಣದ ಪುಡಿ ತುಳಿದು ಬಾ, ನೆಂಟರ ಮನೆಯ ಹುಳುವನ್ನು ನೋಡಿಕೊಂಡು ಬಂದಿದ್ದರೆ ಇವತ್ತು ಒಳಕ್ಕೆ ಬರಲೇಬೇಡ. ಇದು ಅವಳ ಶಾಸನ. ಸೂಕ್ಷ್ಮಾಣುವೆಂಬ ಶಬ್ದವನ್ನು ಅವಳು ಕೇಳಿದವಳಲ್ಲ. ಆದರೂ ಕಣ್ಣಿಗೆ ಕಾಣದ ಯಾವುದೋ ಒಂದು ಮನುಷ್ಯನ ಪಾದಕ್ಕಂಟಿ, ಸೊಪ್ಪಿಗಂಟಿ, ತಟ್ಟೆಗಂಟಿ ಒಳಹೊಕ್ಕು, ತಿಂಗಳ ದುಡಿಮೆಯನ್ನು ಎರಡು ಮೂರು ದಿನಗಳಲ್ಲಿ ಕೊಳೆಯಿಸಿ ತಿಪ್ಪೆಗೆ ಹಾಕಿಸಬಲ್ಲುದೆಂಬುದು ಅವಳಿಗೆ ಕಣ್ಣಾರೆ ಕಂಡಷ್ಟು ನಿಶ್ಚಯವಾಗಿತ್ತು. ಹಾಗೆ ಬಾಗಿಲು ಕಾಯುತ್ತಿದ್ದವಳ ಮುಖದ ತುಂಬ ಸಿಡುಬಿನ ಕುಳಿಗಳಿದ್ದುವು. ಹೊಸ್ತಿಲಿನ ಆಚೆಗಿದ್ದ ಹುಳುವಿಗೂ ಈಚೆಗಿದ್ದ ಆ ಮುಖಕ್ಕೂ ನಡುವೆ ಇರುವ ಅಂತರವೇ ಈ ಅಧ್ಯಾಯದ ವಿಷಯ.

ಹುಳು ಸಾಕುವವರ ಮಾತಿನಲ್ಲಿ ಜ್ವರವೆಂಬ ಶಬ್ದಕ್ಕೆ ವೈದ್ಯರು ಅರಿಯದ ಅರ್ಥವೊಂದುಂಟು. ಹಗಲಿರುಳೂ ಸರಸರನೆ ಸೊಪ್ಪು ಮೇಯುತ್ತಿದ್ದ ಹುಳುವು ಇದ್ದಕ್ಕಿದ್ದಂತೆ ಮೇವನ್ನು ಬಿಟ್ಟು, ತಲೆಯನ್ನು ಮೇಲಕ್ಕೆತ್ತಿ, ಧ್ಯಾನಸ್ಥವಾದಂತೆ ಸುಮಾರು ಒಂದು ದಿನ ನಿಶ್ಚಲವಾಗಿರುವುದು. ಹಳೆಯ ಚರ್ಮವನ್ನು ಕಳಚಿ ಹೊಸ ಚರ್ಮದೊಡನೆ ಏಳುವುದು. ಇದನ್ನು ಹುಳು ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು ಎನ್ನುವರು. ಇಂಥ ಜ್ವರಗಳು ನಾಲ್ಕು. ಮೊಟ್ಟೆಯೊಡೆದಾಗ ಕೂದಲೆಳೆಯಂತಿದ್ದ ಮರಿಯು ನಾಲ್ಕನೆಯ ಜ್ವರವನ್ನು ದಾಟಿ, ತೂಕದಲ್ಲಿ ಸುಮಾರು 10,000 ಪಾಲು ಬೆಳೆದು, ಹಣ್ಣಾಗಿ, ಚಂದ್ರಿಕೆಯೆಂಬ ತಟ್ಟಿಯನ್ನು ಏರಿ ಗೂಡು ಕಟ್ಟುವುದು. ಈ ಜ್ವರವು ರೋಗವಲ್ಲ, ಬೆಳವಣಿಗೆಯ ಒಂದು ಘಟ್ಟ. ನಿಜವಾದ ರೋಗಗಳಿಗೆ ಬೇರೆಯೇ ಹೆಸರುಗಳಿವೆ. ಮೈಯೆಲ್ಲ ಬಾತು, ಹೊಳೆದು, ಮುಟ್ಟಿದರೆ ಹಾಲಿನಂಥ ರಸ ಸೋರುವ ಹಾಲುತೊಂಡೆ. ಸತ್ತ ಹುಳು ಬೆಳ್ಳಗೆ ಸುಣ್ಣದ ಕಡ್ಡಿಯಂತೆ ಬಿರುಸಾಗುವ ಸುಣ್ಣಕಟ್ಟು. ಹುಳು ಮೆತ್ತಗಾಗಿ ನಾರುವ ಸಪ್ಪೆ ರೋಗ. ಎಲ್ಲಕ್ಕಿಂತಲೂ ಭಯಂಕರವಾದ ಗಂಟುರೋಗ.

ಮನುಷ್ಯನ ರೋಗಗಳ ಕಾರಣವನ್ನು ಮನುಷ್ಯನು ಕಲಿತುದು ಬಹುಮಟ್ಟಿಗೆ ಈ ಹುಳುವಿನಿಂದಲೇ ಎಂಬುದನ್ನು ನಮ್ಮ ರೇಷ್ಮೆಯ ಸೀಮೆಯವರು ಅಭಿಮಾನದಿಂದ ನೆನೆಯಬೇಕಾದುದುಂಟು. ಇಟಲಿಯ ಲೋದಿ ಎಂಬ ಊರಿನ ಅಗೊಸ್ಟಿನೊ ಬಾಸ್ಸಿಯು ದೀರ್ಘಕಾಲ ಸುಣ್ಣಕಟ್ಟು ರೋಗವನ್ನು ಪರೀಕ್ಷಿಸಿ, ಅದಕ್ಕೆ ಕಾರಣ ಕೆಟ್ಟ ಗಾಳಿಯೂ ಅಲ್ಲ, ಕೆಟ್ಟ ಮೇವೂ ಅಲ್ಲ, ಜೀವವುಳ್ಳ ಒಂದು ಬೂಷ್ಟು ಎಂದು 1835ರಲ್ಲಿ ಪ್ರಕಟಿಸಿದನು. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿಯೇ ಕಾರಣವೆಂದು ಪ್ರಯೋಗದಿಂದ ತೋರಿಸಿದ ಮೊದಲ ಉದಾಹರಣೆಗಳಲ್ಲಿ ಅದು ಅಗ್ರಗಣ್ಯವಾದುದು. ಅನಂತರ 30 ವರ್ಷಕ್ಕೆ, 1865ರಲ್ಲಿ, ಗಂಟುರೋಗದಿಂದ ದಕ್ಷಿಣ ಫ್ರಾನ್ಸಿನ ರೇಷ್ಮೆಯ ಕಸುಬೇ ನಿರ್ನಾಮವಾಗುವಂತಾದಾಗ, ಗುರುವಾದ ರಸಾಯನಶಾಸ್ತ್ರಜ್ಞ ಡ್ಯೂಮಾನ ಒತ್ತಾಯಕ್ಕೆ ಕಟ್ಟುಬಿದ್ದು ಲೂಯಿ ಪಾಸ್ಚರನು ಅಲೆಸ್ ಎಂಬ ಊರಿಗೆ ಬಂದನು. ಆ ಪ್ರಯಾಣದಲ್ಲಿ ಕೀಟಶಾಸ್ತ್ರಜ್ಞ ಫಾಬ್ರನ ಮನೆಗೆ ಹೋದ ಪಾಸ್ಚರನು ಒಂದು ಗೂಡನ್ನು ಕಿವಿಯ ಬಳಿ ಅಲುಗಿಸಿ, ಒಳಗೆ ಏನೋ ಇರುವಂತಿದೆಯಲ್ಲ ಎಂದು ಆಶ್ಚರ್ಯಪಟ್ಟನೆಂದು ಫಾಬ್ರನೇ ಬರೆದಿರುವನು. ಶಿಡ್ಲಘಟ್ಟದಲ್ಲಿ ಮೂರು ವರ್ಷದ ಕೂಸಿಗೆ ಗೊತ್ತಿರುವ ಸಂಗತಿಯು ಆ ಮಹಾವಿಜ್ಞಾನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಕೇಳುವ ವಿನಯವೂ ಕೇಳಿ ತಿಳಿದುಕೊಳ್ಳುವ ಛಲವೂ ಅವನಲ್ಲಿದ್ದುವು. ಆ ವರ್ಷಗಳಲ್ಲೇ ಅವನು ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡನು. 1868ರಲ್ಲಿ ಪಾರ್ಶ್ವವಾಯು ಬಡಿಯಿತು. ಆದರೂ ಕೆಲಸ ನಿಲ್ಲಲಿಲ್ಲ.

ಗಂಟುರೋಗದ ಭಯಂಕರತೆಯಿರುವುದು ಅದು ತಾಯಿಯಿಂದ ಮೊಟ್ಟೆಗೆ ಇಳಿದುಬರುವುದರಲ್ಲಿ. ನೊಸೆಮಾ ಎಂಬ ಆ ಸೂಕ್ಷ್ಮಜೀವಿಯ ಹೊಳೆಯುವ ಅಂಡಾಕಾರದ ಬೀಜಾಣುಗಳು ಚಿಟ್ಟೆಯ ಒಡಲಿನಲ್ಲಿದ್ದರೆ ಅದರ ಸಂತತಿಯೆಲ್ಲ ಹುಟ್ಟುವಾಗಲೇ ರೋಗಿ. ಪಾಸ್ಚರನು ಕಂಡುಕೊಂಡ ಉಪಾಯ ಸರಳವಾದುದು. ಒಂದೊಂದು ತಾಯಿಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆಯಿಡಿಸಿ, ಆಮೇಲೆ ಆ ಚಿಟ್ಟೆಯನ್ನು ಅರೆದು, ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಬೀಜಾಣು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುವುದು. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಇದೇ ಪರೀಕ್ಷೆ. ರೈತನು ನೂರು ಮೊಟ್ಟೆ ಬೇಕೆಂದು ಕೇಳುವಾಗ ನೂರು ಚಿಟ್ಟೆಗಳ ಮೊಟ್ಟೆಗಳನ್ನು ಕೇಳುತ್ತಿರುವನು. ಅವನ ಕೈಗೆ ಬರುವ ಮೊಟ್ಟೆಗಳ ಹಾಳೆಗೆ ಇಲಾಖೆಯವರು ಇಟ್ಟಿರುವ ರೋಗರಹಿತ ಮೊಟ್ಟೆಯೆಂಬ ಹೆಸರು ಅಲೆಸ್ ಊರಿನ ಆ ಐದು ವರ್ಷಗಳ ತಪಸ್ಸಿನ ಫಲ.

ಆದರೆ ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಪಾಸ್ಚರನು ಹುಳುವಿಗೆ ಲಸಿಕೆಯನ್ನು ಹಾಕಲಿಲ್ಲ. ಈ 150 ವರ್ಷಗಳಲ್ಲಿ ಬೇರೆ ಯಾರಿಂದಲೂ, ರೈತನ ಮನೆಯಲ್ಲಿ ನಡೆಯುವಂಥ ರೀತಿಯಲ್ಲಿ, ಹಾಕಲಾಗಿಲ್ಲ. ಬೀಜ ಶುದ್ಧವಿರಲಿ, ತಟ್ಟೆ ಶುದ್ಧವಿರಲಿ, ಬಾಗಿಲು ಭದ್ರವಿರಲಿ ಎಂಬ ಮೂರು ಮಾತುಗಳನ್ನು ದಾಟಿ ಹುಳುವಿನ ಆರೋಗ್ಯಶಾಸ್ತ್ರವು ಬಹಳ ದೂರ ಹೋಗಿಲ್ಲ. ಹಾಗಾದರೆ ಹುಳುವು ಸ್ವಂತ ರಕ್ಷಣೆಯೇ ಇಲ್ಲದ ಅನಾಥ ಜೀವಿಯೆ?

ಖಂಡಿತವಾಗಿ ಅಲ್ಲ. ಹುಳುವಿನ ಮೈಯ ರಸದಲ್ಲಿ ಅಲೆದಾಡುವ ಕಣಗಳು ಒಳಹೊಕ್ಕ ಸೂಕ್ಷ್ಮಜೀವಿಗಳನ್ನು ನುಂಗುತ್ತವೆ. ನುಂಗಲಾರದಷ್ಟು ದೊಡ್ಡದಾದರೆ ಸುತ್ತುಗಟ್ಟಿ, ಕಪ್ಪು ಬಣ್ಣದ ಹೊದಿಕೆಯೊಳಗೆ ಹೂತುಬಿಡುತ್ತವೆ. ಊಜಿ ನೊಣವು ಮೊಟ್ಟೆಯಿಟ್ಟ ಜಾಗದಲ್ಲಿ ಹುಳುವಿನ ಮೈಮೇಲೆ ಕಾಣುವ ಕಪ್ಪು ಚುಕ್ಕೆಯನ್ನು ಬಲ್ಲವರಿಗೆ ಈ ಬಗೆಯ ಯುದ್ಧದ ಗುರುತು ಪರಿಚಿತವಾದುದೇ. ಅಷ್ಟು ಮಾತ್ರವಲ್ಲದೆ, ಹುಳುವಿನ ಮೇದಸ್ಸಿನ ಅಂಗವು ಸೋಂಕಾದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳ ಪೊರೆಯನ್ನು ತೂತು ಮಾಡುವ ಕಿರುಪ್ರೋಟೀನುಗಳನ್ನು ಸುರಿಸುತ್ತದೆ. ಸ್ವೀಡನ್ನಿನ ಹಾನ್ಸ್ ಬೋಮನ್ನನ ತಂಡವು ಇವನ್ನು 1981ರಲ್ಲಿ ಬೇರ್ಪಡಿಸಿ ತೋರಿಸಿದುದು ಸೆಕ್ರೋಪಿಯ ಎಂಬ ಕಾಡುರೇಷ್ಮೆಯ ಪತಂಗದ ಕೋಶದಿಂದ. ಅದಕ್ಕೆ ಸೆಕ್ರೋಪಿನ್ ಎಂಬ ಹೆಸರು ಬಂದುದೂ ಅದರಿಂದಲೇ. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹೋಫ್‌ಮನ್ನನ ಪ್ರಯೋಗಶಾಲೆಯು, ಹಣ್ಣಿನ ನೊಣದಲ್ಲಿ ಶತ್ರುವು ಬಂದುದನ್ನು ಸಾರುವ ಟೋಲ್ ಎಂಬ ವ್ಯವಸ್ಥೆಯನ್ನು ಗುರುತಿಸಿತು. ಅದರ ದಾಯಾದಿಗಳು ಮನುಷ್ಯನ ಕಣಗಳಲ್ಲೂ ಇವೆಯೆಂದು ಬೇಗನೆ ತಿಳಿಯಿತು. ನೊಣ, ಹುಳು, ಮನುಷ್ಯ ಈ ಮೂವರ ಪೂರ್ವಿಕರು ಒಂದೇ ಮನೆಯಲ್ಲಿದ್ದ ಕಾಲದ ಆಸ್ತಿಯದು.

ಕೈವಾರವನ್ನು ಮಹಾಭಾರತದ ಏಕಚಕ್ರಪುರವೆಂದು ಸ್ಥಳಪುರಾಣವು ಹೇಳುತ್ತದೆ. ದಿನಕ್ಕೊಂದು ಮನೆಯಿಂದ ಒಂದು ಬಂಡಿ ಅನ್ನವನ್ನೂ ಒಬ್ಬ ಮನುಷ್ಯನನ್ನೂ ಬಕಾಸುರನಿಗೆ ತೆರುತ್ತಿದ್ದ ಆ ಊರಿನಲ್ಲಿ ಭೀಮಸೇನನು ಸರದಿಯ ಬಂಡಿಯನ್ನೇರಿ ಹೋಗಿ ರಾಕ್ಷಸನನ್ನು ಮುರಿದ ಕಥೆಯನ್ನು ಕೇಳದೆ ಅಲ್ಲಿ ಯಾರೂ ಬೆಳೆಯುವುದಿಲ್ಲ. ಹುಳುವಿನ ಈ ರಕ್ಷಣೆ ಭೀಮನ ಬಲದಂಥದು. ಎದುರು ಬಂದವನು ಯಾರೇ ಆಗಲಿ, ರಾಕ್ಷಸನ ಲಕ್ಷಣವಿದ್ದರೆ ಸಾಕು, ಕೂಡಲೇ ಮೇಲೆ ಬೀಳುತ್ತದೆ. ಗೆದ್ದರೆ ಗೆದ್ದಿತು, ಸೋತರೆ ಸತ್ತಿತು. ಆದರೆ ಬಕನೊಡನೆ ಹೋರಾಡಿದುದರಿಂದ ಭೀಮನಿಗೆ ಮುಂದಿನ ರಾಕ್ಷಸನ ಮರ್ಮವು ತಿಳಿಯಲಿಲ್ಲ. ಪ್ರತಿಯೊಂದು ಯುದ್ಧವೂ ಮೊದಲಿನಿಂದಲೇ ಆಗಬೇಕಾಯಿತು. ಒಮ್ಮೆ ಸೋಂಕನ್ನು ಗೆದ್ದ ಕೀಟಗಳಲ್ಲಿ ಸ್ವಲ್ಪಕಾಲ ಎಚ್ಚರ ಹೆಚ್ಚಾಗಿರುವುದನ್ನು ಇತ್ತೀಚೆಗೆ ಕೆಲವರು ಕಂಡಿರುವರಾದರೂ, ಈ ಶತ್ರುವೇ ಅಂದು ಬಂದವನು ಎಂದು ಹೆಸರು ಹಿಡಿದು ಗುರುತಿಸುವ ಶಕ್ತಿಯು ಹುಳುವಿಗೆ ಇಲ್ಲ.

ನಮ್ಮ ಮೈಯಲ್ಲಿಯೂ ಮೊದಲ ಹೋರಾಟವು ಭೀಮನದೇ. ಕಾಲಿಗೆ ಜಾಲಿಮುಳ್ಳು ಚುಚ್ಚಿದೊಡನೆ ಅಂಗಾಂಶದಲ್ಲಿ ಕಾವಲಿದ್ದ ಮಹಾಭಕ್ಷಕ ಕಣಗಳು ಸೂಕ್ಷ್ಮಜೀವಿಯ ಹೊದಿಕೆಯ ಸಾಮಾನ್ಯ ಚಿಹ್ನೆಗಳನ್ನು ಗುರುತಿಸಿ ರಾಸಾಯನಿಕ ಕೂಗನ್ನು ಹಾಕುತ್ತವೆ. ರಕ್ತನಾಳಗಳು ಹಿಗ್ಗಿ, ಜಾಗ ಕೆಂಪಾಗಿ, ಬಿಸಿಯಾಗಿ, ಬಾತು, ನೋಯುತ್ತದೆ. ಅಸ್ಥಿಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 10,000 ಕೋಟಿಯಂತೆ ಹುಟ್ಟುವ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಅಲ್ಲಿಗೆ ಧಾವಿಸಿ, ನುಂಗಿ, ತಾವೂ ಸತ್ತು ಕೀವಾಗುತ್ತವೆ. ಈ ನುಂಗುವ ಕಣಗಳ ಮಹತ್ವವು ಹೊಳೆದುದು 1882ರಲ್ಲಿ, ಸಿಸಿಲಿಯ ಮೆಸ್ಸಿನಾದ ಕಡಲತೀರದಲ್ಲಿ, ಮೆಚ್ನಿಕೋಫನಿಗೆ. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಮರುದಿನ ಬೆಳಗ್ಗೆ ನೋಡಿದರೆ ಅದರ ಸುತ್ತ ಚರಿಸುವ ಕಣಗಳು ಮುತ್ತಿದ್ದುವು. ಇನ್ನು ಮನುಷ್ಯನ ಜ್ವರ. ಭಕ್ಷಕ ಕಣಗಳ ಕೂಗು ರಕ್ತದ ಮೂಲಕ ಮೆದುಳನ್ನು ಮುಟ್ಟಿ, ಅಲ್ಲಿಯ ಉಷ್ಣನಿಯಂತ್ರಣದ ಕೇಂದ್ರವು ಮೈಯ ಶಾಖದ ಗುರಿಯನ್ನೇ ಏರಿಸುತ್ತದೆ. ಅದಕ್ಕೇ ಮೈ ಸುಡುತ್ತಿದ್ದರೂ ನಡುಕ ಹತ್ತಿ ಕಂಬಳಿ ಬೇಕೆನಿಸುವುದು. ಈ ಜ್ವರವೂ, ಹುಳುವಿನದರಂತೆಯೇ, ಬಹುಮಟ್ಟಿಗೆ ಮೈಯೇ ಮಾಡಿಕೊಳ್ಳುವ ಕೆಲಸವೆಂಬುದನ್ನು ನೆನೆದಾಗ, ಹುಳು ಸಾಕುವವರು ಎರಡಕ್ಕೂ ಒಂದೇ ಹೆಸರಿಟ್ಟುದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಇಲ್ಲಿಂದ ಮುಂದೆ ಮನುಷ್ಯನ ದಾರಿಯು ಹುಳುವಿನ ದಾರಿಯಿಂದ ಬೇರೆಯಾಗುತ್ತದೆ. ದವಡೆಯುಳ್ಳ ಮೀನುಗಳು ಹುಟ್ಟಿದ ಕಾಲದಲ್ಲಿ, ಎಂದರೆ ಸುಮಾರು 50 ಕೋಟಿ ವರ್ಷಗಳ ಹಿಂದೆ, ಬೆನ್ನೆಲುಬಿನ ಪ್ರಾಣಿಗಳ ಒಡಲಿನಲ್ಲಿ ಎರಡನೆಯದೊಂದು ವ್ಯವಸ್ಥೆ ಉದಿಸಿತು. ಅದರ ಕೆಲಸಗಾರರು ಲಿಂಫೋಸೈಟುಗಳೆಂಬ ಕಣಗಳು. ಇವುಗಳಲ್ಲಿ ಒಂದೊಂದೂ ಒಂದೇ ಒಂದು ಆಕಾರವನ್ನು ಗುರುತಿಸಬಲ್ಲದು. ಜಗತ್ತಿನಲ್ಲಿರುವ ಮತ್ತು ಇನ್ನು ಮುಂದೆ ಹುಟ್ಟಬಹುದಾದ ಎಲ್ಲ ಸೂಕ್ಷ್ಮಜೀವಿಗಳ ಆಕಾರಕ್ಕೂ ಹೊಂದುವ ಕಣವನ್ನು ಮೈಯು ಮೊದಲೇ ಹೇಗೆ ಸಿದ್ಧಮಾಡಿಟ್ಟುಕೊಂಡೀತು? ಅಷ್ಟು ವಂಶವಾಹಿಗಳು ನಮ್ಮಲ್ಲಿಲ್ಲ. ಈ ಒಗಟನ್ನು ಬಿಡಿಸಿದವನು ಜಪಾನಿನ ಸುಸುಮು ಟೊನೆಗಾವ. ಶತ್ರುವಿಗೆ ಅಂಟಿಕೊಳ್ಳುವ ಪ್ರತಿಕಾಯವೆಂಬ ಪ್ರೋಟೀನಿನ ಭಾರವಾದ ಎಳೆಗೆ ಬೇಕಾದ ವಂಶವಾಹಿಯು ಇಡಿಯಾಗಿಲ್ಲದೆ ಮೂರು ಬಗೆಯ ತುಂಡುಗಳಾಗಿ ಬಿದ್ದಿರುತ್ತದೆ: ಒಂದು ಬಗೆಯವು ಸುಮಾರು 40, ಇನ್ನೊಂದು 23, ಮತ್ತೊಂದು 6. ಪ್ರತಿ ಎಳೆಯ ಕಣವೂ ಒಂದೊಂದು ಬಗೆಯಿಂದ ಒಂದೊಂದನ್ನು ಆರಿಸಿ ಹೊಲಿದುಕೊಳ್ಳುತ್ತದೆ. ಇಷ್ಟರಿಂದಲೇ 5,520 ಬಗೆಗಳಾದುವು. ಹಗುರವಾದ ಎಳೆಯ ಮುನ್ನೂರಕ್ಕೂ ಮಿಕ್ಕ ಬಗೆಗಳೊಡನೆ ಕೂಡಿಸಿದರೆ 16 ಲಕ್ಷ ಮೀರಿತು. ಹೊಲಿಗೆಯ ಜಾಗಗಳಲ್ಲಿ ಯದೃಚ್ಛೆಯಾಗಿ ಅಕ್ಷರಗಳು ಸೇರಿ ಬಿಡುವುದರಿಂದ ಈ ಸಂಖ್ಯೆ ಕೋಟಿಕೋಟಿಗಳಿಗೆ ಏರಿತು. ಹೀಗೆ ಕುರುಡಾಗಿ ಹೊಲಿದ ಕಣಗಳಲ್ಲಿ ನಮ್ಮ ಮೈಯನ್ನೇ ಶತ್ರುವೆಂದು ಬಗೆಯುವವೂ ಇರಬಹುದಷ್ಟೆ. ಅವನ್ನು ತೆಗೆದುಹಾಕುವ ಕಟ್ಟುನಿಟ್ಟಾದ ಪರೀಕ್ಷೆಯು ಟಿ ಕಣಗಳೆಂಬ ಒಂದು ಬಳಗಕ್ಕೆ ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ನಡೆಯುತ್ತದೆ. ಅಲ್ಲಿಗೆ ಹೋದ ನೂರರಲ್ಲಿ ಐದು ಕೂಡ ಬದುಕಿ ಹೊರಕ್ಕೆ ಬರುವುದಿಲ್ಲ. ಬಿತ್ತನೆ ಕೋಠಿಯ ಸೂಕ್ಷ್ಮದರ್ಶಕವು ಇಷ್ಟು ನಿಷ್ಠುರವಲ್ಲ.

ಸರಿಯಾದ ಕಣವು ಕೋಟ್ಯಂತರದಲ್ಲಿ ಎಲ್ಲೋ ಇದೆ. ಶತ್ರುವು ಕಾಲಿನ ಗಾಯದಲ್ಲಿದ್ದಾನೆ. ಇವರಿಬ್ಬರು ಸಂಧಿಸುವುದೆಲ್ಲಿ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬೆಳಗಿನ ಹೊತ್ತು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ದೂರದೂರದ ಹಳ್ಳಿಗಳಿಂದ ರೈತರು ಗೂಡನ್ನು ತಂದು ರಾಶಿ ರಾಶಿಯಾಗಿ ಸುರಿದಿರುತ್ತಾರೆ, ರೀಲರುಗಳು ರಾಶಿಯಿಂದ ರಾಶಿಗೆ ನಡೆದು, ಒಂದೊಂದು ಹಿಡಿಯನ್ನು ಬೆರಳುಗಳ ನಡುವೆ ಆಡಿಸಿ, ತಮಗೆ ಹೊಂದದಿದ್ದರೆ ಮುಂದಕ್ಕೆ ಹೋಗುತ್ತಾರೆ, ಹೊಂದಿದಲ್ಲಿ ನಿಲ್ಲುತ್ತಾರೆ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿರುವ ದುಗ್ಧಗ್ರಂಥಿಗಳು ಇಂಥ ಮಾರುಕಟ್ಟೆಗಳು. ಡೆಂಡ್ರೈಟಿಕ್ ಎಂಬ ಕವಲುಗೈಯ ಕಣವು ಗಾಯದಿಂದ ಶತ್ರುವಿನ ಚೂರುಗಳನ್ನು ಹೊತ್ತು ತಂದು ಅಲ್ಲಿ ಹರವಿ ಕೂಡುತ್ತದೆ. ಲಿಂಫೋಸೈಟುಗಳು ಒಂದು ಗ್ರಂಥಿಯಿಂದ ಇನ್ನೊಂದಕ್ಕೆ ಅಲೆಯುತ್ತ, ಮುಟ್ಟಿ ನೋಡುತ್ತ, ಹೊಂದದೆ ಮುಂದುವರಿಯುತ್ತವೆ. ಹೊಂದಿದ ಒಂದು ಕಣವು, ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಆಗಿರುವ ಆ ಕಣವು, ನಿಂತು, ಉಬ್ಬಿ, ಎರಡಾಗಿ, ನಾಲ್ಕಾಗಿ, ಸಾವಿರಗಳಾಗಿ ಒಡೆಯತೊಡಗುತ್ತದೆ. ಗಂಟಲು ನೋವಿನಲ್ಲಿ ದವಡೆಯ ಕೆಳಗೆ ಕೈಗೆ ಸಿಗುವ ಗಂಟುಗಳು ಈ ಸಂತೆಯ ಜನಜಂಗುಳಿಯೇ. ಶತ್ರುವಿನ ಆಕಾರವೇ ತನಗೆ ಬೇಕಾದ ಕಣವನ್ನು ಆರಿಸಿ ಬೆಳೆಸುತ್ತದೆಂಬ ಈ ಸಿದ್ಧಾಂತವನ್ನು 1957ರಲ್ಲಿ ಸ್ಪಷ್ಟವಾಗಿ ಮಂಡಿಸಿದವನು ಆಸ್ಟ್ರೇಲಿಯದ ಬರ್ನೆಟ್.

ಈ ಕೆಲಸಕ್ಕೆ ಸುಮಾರು ಒಂದು ವಾರ ಬೇಕು. ಆ ವಾರದಲ್ಲಿ ರೋಗಿಯು ಭೀಮನ ಬಲದಿಂದಲೇ ಬದುಕಿರಬೇಕು. ಸಿಡುಬಿನಂಥ ರೋಗದಲ್ಲಿ ಹತ್ತರಲ್ಲಿ ಮೂವರಿಗೆ ಅದು ಸಾಲದೆ ಹೋಗುತ್ತಿತ್ತು. ಬದುಕಿದವರಲ್ಲಿ ಮಾತ್ರ ಪ್ರತಿಕಾಯಗಳನ್ನು ಸ್ರವಿಸುವ ಕಣಗಳು ಪಕ್ವವಾಗಿ, ಒಂದೊಂದೂ ಸೆಕೆಂಡಿಗೆ ಸುಮಾರು 2,000 ಪ್ರತಿಕಾಯಗಳಂತೆ ರಕ್ತಕ್ಕೆ ಸುರಿಯುತ್ತವೆ. ವೈರಸ್ಸು ಹೊಕ್ಕ ಕಣಗಳನ್ನು ಹುಡುಕಿ ಕೊಲ್ಲುವ ಟಿ ಕಣಗಳು ಹೊರಡುತ್ತವೆ. ಗ್ರಂಥಿಯೊಳಗೆ ಮತ್ತೂ ಒಂದು ವಿಚಿತ್ರ ನಡೆಯುತ್ತಿರುತ್ತದೆ. ಅಲ್ಲಿ ಬಿ ಕಣಗಳೆಂಬ ಇನ್ನೊಂದು ಬಳಗದ ಲಿಂಫೋಸೈಟುಗಳು ತಮ್ಮ ಪ್ರತಿಕಾಯದ ಬರಹವನ್ನೇ ಅಲ್ಲಲ್ಲಿ ತಿದ್ದುತ್ತ, ಶತ್ರುವಿಗೆ ಹೆಚ್ಚು ಬಿಗಿಯಾಗಿ ಅಂಟುವಂಥವು ಉಳಿದು ಮಿಕ್ಕವು ಅಳಿಯುತ್ತ, ವಾರಗಳ ಮೇಲೆ ವಾರ ಹಸನಾಗುತ್ತವೆ. ಯುದ್ಧ ಮುಗಿದ ಮೇಲೆ ಸೈನ್ಯದ ಬಹುಭಾಗ ಸಾಯುವುದು; ಸ್ವಲ್ಪ ಭಾಗ ಮಾತ್ರ, ಕೆಲವು ಅಸ್ಥಿಮಜ್ಜೆಯಲ್ಲಿ ಪ್ರತಿಕಾಯ ತಯಾರಿಸುತ್ತ, ಕೆಲವು ಗ್ರಂಥಿಗಳಲ್ಲಿ ಮೌನವಾಗಿ, ವರ್ಷಗಟ್ಟಲೆ ಉಳಿಯುವುದು. ಇದೇ ಮೈಯ ನೆನಪು.

ಎಷ್ಟು ವರ್ಷಗಳ ನೆನಪು? ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದು ಹೋಗಿತ್ತು. ಆಮೇಲೆ 65 ವರ್ಷ ಆ ರೋಗ ಅಲ್ಲಿ ಕಾಲಿಡಲಿಲ್ಲ. 1846ರಲ್ಲಿ ಮತ್ತೆ ಬಂದಾಗ 7,800ರಷ್ಟಿದ್ದ ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಪರೀಕ್ಷೆಗೆಂದು ಹೋದ ಪಾನುಮ್ ಎಂಬ ಡೆನ್ಮಾರ್ಕಿನ ತರುಣ ವೈದ್ಯನು ಊರೂರು ಅಲೆದು ವೃದ್ಧರನ್ನು ವಿಚಾರಿಸಿದರೆ, 1781ರಲ್ಲಿ ಎಳೆಯರಾಗಿ ದಡಾರವನ್ನು ಅನುಭವಿಸಿದ್ದವರಲ್ಲಿ ಒಬ್ಬರಿಗೂ ಎರಡನೆಯ ಸಲ ಬಂದಿರಲಿಲ್ಲ. ಮಧ್ಯದ ವರ್ಷಗಳಲ್ಲಿ ರೋಗದ ಮುಖವನ್ನೇ ಕಾಣದಿದ್ದರೂ ಅವರ ರಕ್ತವು ಅದನ್ನು ಮರೆತಿರಲಿಲ್ಲ.

ನಮ್ಮವರಿಗೂ ಇದು ತಿಳಿಯದ ಮಾತಲ್ಲ. ತೆಲುಗು ಕನ್ನಡಗಳೆರಡೂ ಒಂದೇ ಜಗುಲಿಯಲ್ಲಿ ಕೂತು ಮಾತಾಡುವ ಕೈವಾರದ ಸೀಮೆಯಲ್ಲಿ ಸಿಡುಬು ಬಂದರೆ ಅಮ್ಮವಾರು ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರು ಬರದಂತೆ ನೋಡಿಕೊಂಡು, ರೋಗಿಯ ಹತ್ತಿರ ಕೂತು ಬೇವಿನೆಲೆಯಿಂದ ಸವರಲು ಮಾತ್ರ, ಒಮ್ಮೆ ಅಮ್ಮ ಬಂದು ಹೋದವರನ್ನೇ ಕರೆಯುತ್ತಿದ್ದರು. ಕುಳಿಬಿದ್ದ ಮುಖದ ನನ್ನ ಅಜ್ಜಿ ಹಾಗೆ ಎಷ್ಟೋ ಮನೆಗಳಿಗೆ ಹೋಗಿಬಂದವಳು. ಅವಳ ತಮ್ಮನೊಬ್ಬನು, ಅವಳಿಗೆ ಅಮ್ಮ ಬಂದ ವರ್ಷವೇ, ಅದೇ ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಮಲಗಿ, ಏಳಲಿಲ್ಲ. ಅವಳ ರಕ್ತದ ನೆನಪಿನ ಬೆಲೆ ಅಷ್ಟಾಗಿತ್ತು. ಕ್ರಿ.ಪೂ. 430ರ ಅಥೆನ್ಸಿನ ಮಹಾಮಾರಿಯನ್ನು ವರ್ಣಿಸುವಾಗ ಥುಸಿಡಿಡೀಸನೂ, ರೋಗದಿಂದ ಗುಣವಾದವರೇ ನಿರ್ಭಯವಾಗಿ ರೋಗಿಗಳ ಶುಶ್ರೂಷೆ ಮಾಡಿದರೆಂದು ಗುರುತುಹಾಕಿರುವನು.

ಈ ಬೆಲೆಯನ್ನು ತೆರದೆ ನೆನಪನ್ನು ಮಾತ್ರ ಪಡೆಯುವ ವಿದ್ಯೆಯೇ ಲಸಿಕೆ. 1796ರ ಮೇ 14ರಂದು ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರನು, ಹಾಲು ಕರೆಯುವ ಹೆಂಗಸೊಬ್ಬಳ ಕೈಯ ಗೋಸಿಡುಬಿನ ಗುಳ್ಳೆಯಿಂದ ರಸವನ್ನು ತೆಗೆದು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಸೇರಿಸಿದುದು ಪ್ರಸಿದ್ಧವಾದ ಕಥೆ. ಗೋಸಿಡುಬಿನ ವೈರಸ್ಸಿಗೂ ಸಿಡುಬಿನ ವೈರಸ್ಸಿಗೂ ಇರುವ ದಾಯಾದಿ ಹೋಲಿಕೆಯಿಂದ, ಸೌಮ್ಯನಾದವನನ್ನು ನೋಡಿ ಕಲಿತ ಕಣಗಳು ಕ್ರೂರಿಯನ್ನೂ ಗುರುತಿಸಿದುವು. ಆ ಲಸಿಕೆಯು 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದರ ತೋಳನ್ನು ಮುಟ್ಟಿತು. ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಒಂದು ಮಗುವಿನ ಗುಳ್ಳೆಯಿಂದ ಇನ್ನೊಂದು ಮಗುವಿನ ತೋಳಿಗೆ, ಹಣತೆಯಿಂದ ಹಣತೆಗೆ ದೀಪ ಹಚ್ಚುವಂತೆ, ಅದನ್ನು ದಾಟಿಸುತ್ತ ಹೋಗಬೇಕಾಗಿತ್ತು. ಮೈಸೂರಿನ ಅರಮನೆಗೂ ಅದು ಬೇಗನೆ ಬಂದಿತು. 1805ರ ಸುಮಾರಿಗೆ ಥಾಮಸ್ ಹಿಕಿಯು ಬರೆದ, ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬಳು ಸೀರೆಯನ್ನು ಸರಿಸಿ ಎಡತೋಳನ್ನು ತೋರುತ್ತಿರುವಳು. ಆಕೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ಆ ಭಂಗಿಯು ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರುವುದಕ್ಕೆಂದೂ ಚರಿತ್ರಕಾರರು ಊಹಿಸಿರುವರು. ಸಂಪ್ರದಾಯವು ಹೇಳುವಂತೆ ಕೈವಾರದ ತಾತಯ್ಯನವರು 1726ರಿಂದ 1836ರವರೆಗೆ ಬಾಳಿದವರು. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿ ಮಕ್ಕಳ ಕೈಗೆ ಬಳೆ ತೊಡಿಸುತ್ತಿದ್ದ ಆ ಯೋಗಿಯ ಜೀವಿತದಲ್ಲೇ ಮೈಸೂರು ಸೀಮೆಯ ಮಕ್ಕಳ ತೋಳಿಗೆ ಈ ಹೊಸ ರಕ್ಷೆಯೂ ಬಂದಿತೆಂಬುದನ್ನು ನೆನೆದರೆ ನನ್ನ ಮನಸ್ಸು ಆರ್ದ್ರವಾಗುತ್ತದೆ. ಮುಂದೆ ಮೈಲಿ ಹಾಕುವವರೆಂಬ ಲಸಿಕೆಗಾರರು ಹಳ್ಳಿ ಹಳ್ಳಿಗೆ ಬಂದರು. ಮಕ್ಕಳನ್ನು ಅಟ್ಟದ ಮೇಲೆ ಅಡಗಿಸಿಟ್ಟ ತಾಯಂದಿರೂ ಇದ್ದರು. 1975ರಲ್ಲಿ ಭಾರತದ ಕೊನೆಯ ಸಿಡುಬು ಕಂಡುಬಂದಿತು. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಜೆನ್ನರನ ಉಪಾಯಕ್ಕೆ ಪ್ರಕೃತಿಯೇ ಒಂದು ಸೌಮ್ಯ ದಾಯಾದಿಯನ್ನು ಒದಗಿಸಿತ್ತು. ಬೇರೆ ರೋಗಗಳಿಗೆ ಅಂಥದಿಲ್ಲ. ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿಕೊಳ್ಳಬಹುದೆಂದು ತೋರಿಸಿದವನು ಹುಳುಮನೆಯಿಂದ ಹೊರಬಂದ ಅದೇ ಪಾಸ್ಚರ್. 1879ರ ಬೇಸಗೆಯಲ್ಲಿ ಬಿಟ್ಟುಹೋಗಿದ್ದ ಕೋಳಿ ಕಾಲರಾದ ರೋಗಾಣುಗಳ ಹಳೆಯ ಕೃಷಿಯು ಕೋಳಿಗಳನ್ನು ಕೊಲ್ಲಲಿಲ್ಲ. ಅಷ್ಟೇ ಅಲ್ಲ, ಆ ಕೋಳಿಗಳು ಅನಂತರ ತಾಜಾ ವಿಷಕ್ಕೂ ಜಗ್ಗಲಿಲ್ಲ. ಅಲ್ಲಿಂದ ದನಗಳ ನೆರಡಿ ರೋಗ, 1885ರಲ್ಲಿ ಹುಚ್ಚುನಾಯಿಯ ಕಡಿತ. ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ದನದ ಕ್ಷಯದ ಬ್ಯಾಕ್ಟೀರಿಯವನ್ನು 13 ವರ್ಷ, 230 ಸಲ, ಪಿತ್ತರಸ ಬೆರೆಸಿದ ಆಲೂಗೆಡ್ಡೆಯ ಮೇಲೆ ಬೆಳೆಸಿ ಬೆಳೆಸಿ ಪಳಗಿಸಿದುದೇ ಬಿ.ಸಿ.ಜಿ. ಸ್ವತಂತ್ರ ಭಾರತದಲ್ಲಿ 1948ರಲ್ಲಿ ಆ ಲಸಿಕೆ ಮೊದಲಾದ ಸ್ಥಳಗಳಲ್ಲಿ ಒಂದು, ಕೈವಾರದ ಸೀಮೆಯಿಂದ ಬಹು ದೂರವಿಲ್ಲದ ಮದನಪಲ್ಲಿ. ಮಕ್ಕಳನ್ನು ಮೆದುಳಿನ ಕ್ಷಯದಿಂದ ಅದು ಚೆನ್ನಾಗಿ ಕಾಯುತ್ತದೆ. ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯುವಷ್ಟು ಬಲ ಅದಕ್ಕಿಲ್ಲವೆಂದು ತಮಿಳುನಾಡಿನ ಚೆಂಗಲ್ಪಟ್ಟಿನ ದೊಡ್ಡ ಪರೀಕ್ಷೆಯು ತಿಳಿಸಿತು. ಲಸಿಕೆಯನ್ನು ಪ್ರೀತಿಸುವವರು ಇಂಥ ಮಿತಿಗಳನ್ನೂ ಸ್ಪಷ್ಟವಾಗಿ ಹೇಳಬೇಕು. ಮುಚ್ಚಿಟ್ಟ ಮಿತಿಯೇ ಮುಂದೆ ಅಪನಂಬಿಕೆಯಾಗಿ ಮೊಳೆಯುವುದು.

ಕೆಲವೆಡೆ ಲಸಿಕೆಯು ರೋಗಕ್ಕಿಂತಲೂ ಒಳ್ಳೆಯ ಗುರು. ಧನುರ್ವಾಯುವಿನ ವಿಷವು ಎಷ್ಟು ಉಗ್ರವೆಂದರೆ, ಕೊಲ್ಲುವುದಕ್ಕೆ ಬೇಕಾದ ಮಾತ್ರೆಯು ನೆನಪನ್ನು ಹುಟ್ಟಿಸುವುದಕ್ಕೆ ಸಾಲದು. ಆದಕಾರಣ ಅದನ್ನು ಗೆದ್ದು ಬದುಕಿದವನಿಗೂ ಮತ್ತೊಮ್ಮೆ ಬರಬಹುದು. ವಿಷವನ್ನು ಫಾರ್ಮಾಲಿನ್ನಿನಿಂದ ಕೆಡಿಸಿ, ಆಕಾರವನ್ನು ಮಾತ್ರ ಉಳಿಸಿ ಕೊಡುವ ಚುಚ್ಚುಮದ್ದು ಆ ನೆನಪನ್ನು ಉಂಟುಮಾಡುತ್ತದೆ. ಇನ್ನು 2021ರ ಜನವರಿ 16ರಿಂದ ನಮ್ಮ ದೇಶದಲ್ಲಿ ಹಾಕಲು ಮೊದಲಾದ ಕೊರೋನಾ ಲಸಿಕೆಗಳಲ್ಲಿ ಕೋವ್ಯಾಕ್ಸಿನ್ ಕೊಂದ ವೈರಸ್ಸಾದರೆ, ಕೋವಿಶೀಲ್ಡ್ ನಿರುಪದ್ರವಿಯಾದ ಮತ್ತೊಂದು ವೈರಸ್ಸಿನ ಕೈಯಲ್ಲಿ ಕೊಟ್ಟು ಕಳುಹಿಸಿದ ಒಂದು ಬರಹ. ಆ ಬರಹವನ್ನು ಓದಿ ನಮ್ಮ ಕಣಗಳೇ ಶತ್ರುವಿನ ಮುಳ್ಳನ್ನು ಕೆತ್ತಿ, ದುಗ್ಧಗ್ರಂಥಿಯ ಸಂತೆಗೆ ಕಳುಹಿಸುತ್ತವೆ. ವಿಧಾನ ಬೇರೆ, ಸಂತೆ ಒಂದೇ.

ಮೈಯ ನೆನಪನ್ನು ಅಳಿಸುವ ರೋಗವೂ ಒಂದುಂಟು. ದಡಾರದ ವೈರಸ್ಸು ನೆನಪಿನ ಕಣಗಳನ್ನೇ ಹೊಕ್ಕು ನಾಶಮಾಡುವುದರಿಂದ, ಗುಣವಾದ ಮಗುವು ಹಿಂದೆ ಕಲಿತಿದ್ದ ಬೇರೆ ರೋಗಗಳ ಪರಿಚಯವನ್ನೂ ಗಮನಾರ್ಹವಾಗಿ ಕಳೆದುಕೊಳ್ಳಬಹುದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದುವು. ಆ ವೈರಸ್ಸಿನ ಹರಡುವಿಕೆಯೂ ಅಸಾಧಾರಣವಾದುದು. ರೋಗದ ಪರಿಚಯವಿಲ್ಲದ ಸಮುದಾಯದಲ್ಲಿ ಒಬ್ಬನಿಂದ 12ರಿಂದ 18 ಮಂದಿಗೆ ದಾಟಬಲ್ಲದು. ನೂರರಲ್ಲಿ 95 ಮಕ್ಕಳಿಗಾದರೂ ನೆನಪಿದ್ದರೆ ಮಾತ್ರ ಸರಪಳಿ ಕಡಿದು, ಲಸಿಕೆಯ ವಯಸ್ಸಾಗದ ಕೂಸುಗಳೂ ಕ್ಯಾನ್ಸರಿನ ಔಷಧದಿಂದ ಕಣಗಳನ್ನು ಕಳೆದುಕೊಂಡ ರೋಗಿಗಳೂ ಉಳಿದವರ ಮರೆಯಲ್ಲಿ ಬದುಕುವರು. ಹುಳುಮನೆಯ ಹೊಸ್ತಿಲು ಇಲ್ಲಿ ಊರಿನ ಜನರ ರಕ್ತದಲ್ಲಿರುತ್ತದೆ.

ದಡಾರದ ಮೊದಲ ಲಸಿಕೆಯನ್ನು ಮಗುವಿಗೆ ಒಂಬತ್ತು ತಿಂಗಳು ತುಂಬುವವರೆಗೆ ಹಾಕದಿರುವುದಕ್ಕೆ ಒಂದು ಕಾರಣವುಂಟು. ಗರ್ಭದಲ್ಲಿರುವಾಗಲೇ, ಮುಖ್ಯವಾಗಿ ಕೊನೆಯ ತಿಂಗಳುಗಳಲ್ಲಿ, ತಾಯಿಯ ರಕ್ತದ ಪ್ರತಿಕಾಯಗಳು ಮಾಸದ ಮೂಲಕ ಕೂಸಿಗೆ ಇಳಿಯುತ್ತವೆ. ಹುಟ್ಟಿದ ಮೇಲೆ ಗಿಣ್ಣುಹಾಲಿನಲ್ಲಿ ಬೇರೊಂದು ಬಗೆಯವು ಬಂದು ಕರುಳನ್ನು ಕಾಯುತ್ತವೆ. ತಾಯಿ ಎಂದೋ ಪಡೆದ ರೋಗದ, ಎಂದೋ ಹಾಕಿಸಿಕೊಂಡ ಚುಚ್ಚುಮದ್ದಿನ ಪ್ರತಿಕಾಯಗಳು ತಿಂಗಳುಗಟ್ಟಲೆ ಮಗುವಿನ ಮೈಯಲ್ಲಿ ಸಾಲವಾಗಿರುತ್ತವೆ. ಅವು ಇರುವಷ್ಟು ಕಾಲ ದಡಾರದ ಲಸಿಕೆಯ ದುರ್ಬಲ ವೈರಸ್ಸನ್ನೂ ಬಡಿದುಹಾಕುವುದರಿಂದ ಮಗುವಿನ ಸ್ವಂತ ಕಣಗಳಿಗೆ ಕಲಿಯಲು ಏನೂ ಉಳಿಯುವುದಿಲ್ಲ. ತೀರ ತಡಮಾಡಿದರೆ ಸಾಲ ತೀರಿ, ಕಲಿಕೆಯೂ ಇಲ್ಲದೆ, ಮಗು ಬರಿಗೈಯಾಗಿರುತ್ತದೆ. ಒಂಬತ್ತು ತಿಂಗಳೆಂಬುದು ಈ ಎರಡರ ನಡುವೆ ಲೆಕ್ಕಹಾಕಿ ಹಿಡಿದ ಹೊತ್ತು. ಗಂಟುರೋಗದ ಚಿಟ್ಟೆಯು ಮೊಟ್ಟೆಗೆ ದಾಟಿಸುವುದನ್ನೂ ಹೆಣ್ಣೊಬ್ಬಳು ಕೂಸಿಗೆ ದಾಟಿಸುವುದನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೆಲ್ಲ, ಹೊಸ್ತಿಲಿನಲ್ಲಿ ನಿಂತ ಆ ಕುಳಿಬಿದ್ದ ಮುಖವು ನನ್ನ ಕಣ್ಣಿಗೆ ಕಟ್ಟುತ್ತದೆ.

ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ, ಹುಳುಗಳು ಮೂರನೆಯ ಜ್ವರಕ್ಕೆ ಕೂತಿದ್ದುವು. ಸೊಪ್ಪು ಕೊಡುವ ಕೆಲಸವಿಲ್ಲದೆ ಮನೆಯೆಲ್ಲ ನಿಶ್ಶಬ್ದವಾಗಿತ್ತು. ಹಿಂದಿನ ದಿನ ಒಂಬತ್ತು ತಿಂಗಳ ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮನೆಯ ಸೊಸೆ ಹೊಸ್ತಿಲಿನ ಈಚೆಗೆ ಕೂತಿದ್ದಳು. ಮಗುವಿನ ಹಣೆ ಬೆಚ್ಚಗಿತ್ತು, ಹಾಲು ಬೇಡವೆಂದು ಮುಖ ತಿರುಗಿಸುತ್ತಿತ್ತು. ಗಾಬರಿಯಿಂದ ನಾನು ವಿಚಾರಿಸಿದೆನು. ಅವಳು ಒಳಗಿನ ತಟ್ಟೆಗಳ ಕಡೆಗೊಮ್ಮೆ, ಮಗುವಿನ ಕಡೆಗೊಮ್ಮೆ ನೋಡಿ, "ಏನಿಲ್ಲ ಮಾವ, ಜ್ವರಕ್ಕೆ ಕೂತೈತೆ, ನಾಳೆ ಎದ್ದುಬಿಡ್ತದೆ" ಎಂದಳು.